ಎಣ್ಣೆಯ ಬಲದಿಂದ ತಿರುಗಿದ ಗಾಲಿ

ಉಗಿಯಂತ್ರವು ನಿಂತಲ್ಲಿಂದಲೇ ಭಾರವನ್ನೆಳೆಯಬಲ್ಲದು. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ನಗರದಲ್ಲಿ ಸಿದ್ಧಪಡಿಸಿದ ಎಂಜಿನ್ನಿನ ಸ್ವಭಾವವೇ ಬೇರೆ. ಅದು ಸ್ವಲ್ಪ ಎಣ್ಣೆಯಿಂದ ಬಹಳ ಕೆಲಸವನ್ನು ಮಾಡುವುದು. ಆದರೆ ಮೊದಲು ತಾನು ವೇಗವಾಗಿ ತಿರುಗುತ್ತಿದ್ದರೆ ಮಾತ್ರ ಭಾರವನ್ನು ಹೊರುವುದು. ನಿಂತಿರುವ ಗಾಡಿಗೂ ತಿರುಗುತ್ತಿರುವ ಎಂಜಿನ್ನಿಗೂ ಸಂಬಂಧವನ್ನು ಕಲ್ಪಿಸುವುದು ಹೇಗೆ?

1912ರಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯವರು ಎಂಜಿನ್ನನ್ನು ನೇರವಾಗಿ ಗಾಲಿಗಳಿಗೇ ಜೋಡಿಸಿ ನೋಡಿದರು. ಗಾಡಿಯನ್ನು ಹೊರಡಿಸಲು ಒತ್ತಿ ತುಂಬಿದ ಗಾಳಿಯ ನೆರವು ಬೇಕಾಯಿತು, ಪ್ರಯೋಗವು ಫಲಿಸಲಿಲ್ಲ. ಮರುವರ್ಷವೇ ಡೀಸೆಲನು ತೀರಿಕೊಂಡನು. ತನ್ನ ಯಂತ್ರವು ಹಳಿಗಳ ಮೇಲೆ ಗೆದ್ದುದನ್ನು ಕಾಣುವ ಭಾಗ್ಯವು ಅವನಿಗಿರಲಿಲ್ಲ.

ಪರಿಹಾರವು ದೊರೆತದ್ದು ಹಡಗಿನ ಕಾರ್ಖಾನೆಯಲ್ಲಿ. ಸ್ಟೆಟಿನ್ ಬಂದರಿನಲ್ಲಿದ್ದ ಹರ್ಮನ್ ಫಟಿಂಗರನೆಂಬ ಎಂಜಿನಿಯರನು, ಹಡಗಿನ ಟರ್ಬೈನಿನ ಅತಿವೇಗವನ್ನು ತಗ್ಗಿಸಿ ನೀರಿನೊಳಗಿನ ಚಕ್ರಕ್ಕೆ ಒದಗಿಸಲು ಒಂದು ಸಾಧನವನ್ನು ಕಲ್ಪಿಸಿ, 1905ರಲ್ಲಿ ಪೇಟೆಂಟನ್ನು ಪಡೆದನು.

ಮೊಸರು ಕಡೆಯುವುದನ್ನು ಕಂಡವರಿಗೆ ಇದರ ಮರ್ಮವು ಸುಲಭ. ಕಡೆಗೋಲು ತಿರುಗಿದರೆ ಗಡಿಗೆಯ ಮಜ್ಜಿಗೆಯೂ ಸುತ್ತುವುದಷ್ಟೆ? ಅದರೊಳಗೆ ಮತ್ತೊಂದು ರೆಕ್ಕೆಯ ಚಕ್ರವಿದ್ದರೆ ಅದೂ ಸುತ್ತುವುದು. ಹಾಗೆಯೇ ರೈಲಿನ ಯಂತ್ರದಲ್ಲಿ ಎಣ್ಣೆ ತುಂಬಿದ ಪೆಟ್ಟಿಗೆಯೊಂದುಂಟು. ಎಂಜಿನ್ನು ತಿರುಗಿಸುವ ಮೊದಲನೆಯ ಚಕ್ರವು ಎಣ್ಣೆಯನ್ನು ರಭಸದಿಂದ ಎಸೆಯುವುದು. ಆ ರಭಸವು ಗಾಲಿಗಳಿಗೆ ಸೇರಿದ ಎರಡನೆಯ ಚಕ್ರವನ್ನು ನೂಕುವುದು. ಅಲುಗದೆ ನಿಂತ ಮೂರನೆಯ ಚಕ್ರವು ಎಣ್ಣೆಯ ಹರಿವನ್ನು ತಿರುಗಿಸಿ, ನೂಕುವ ಬಲವನ್ನು ಹೆಚ್ಚಿಸುವುದು. ಗಾಡಿಯು ನಿಂತಿದ್ದರೂ ಎಂಜಿನ್ನು ನಿಲ್ಲದು. ಎಳೆತವು ಅತ್ಯಧಿಕವಾಗಿರುವುದೂ ಆಗಲೇ.

ನೀರಿನ ಟರ್ಬೈನುಗಳಲ್ಲಿ ನುರಿತಿದ್ದ ಹೈಡೆನ್‌ಹೈಮಿನ ಫಾಯ್ತ್ ಕಾರ್ಖಾನೆಯವರು ಇದನ್ನು ರೈಲಿಗೆ ಅಳವಡಿಸಿದರು. 1935ರಲ್ಲಿ 1,400 ಅಶ್ವಶಕ್ತಿಯ ದೊಡ್ಡ ಎಂಜಿನ್ನೊಂದು ಹಳಿಯನ್ನೇರಿತು. ಯುದ್ಧಾನಂತರ, 1953ರಲ್ಲಿ, ಜರ್ಮನಿಯಲ್ಲಿ ‘ವಿ 200’ ವರ್ಗದ ಎಂಜಿನ್ನುಗಳು ಬಂದುವು.

ಆದರೆ ಎಣ್ಣೆಯ ಮೂಲಕ ಸಾಗುವ ಬಲದಲ್ಲಿ ಒಂದಂಶವು ಬರಿಯ ಶಾಖವಾಗಿ ನಷ್ಟವಾಗುವುದು. ಡೀಸೆಲಿನಿಂದ ವಿದ್ಯುತ್ತನ್ನು ಹುಟ್ಟಿಸಿ ಗಾಲಿಯನ್ನು ತಿರುಗಿಸುವ ಪ್ರತಿಸ್ಪರ್ಧಿಯೇ ಬಹುದೇಶಗಳಲ್ಲಿ ಮೇಲುಗೈಯಾಯಿತು. ಬ್ರಿಟನ್ನಿನಲ್ಲಿ ಮುಖ್ಯಮಾರ್ಗದ ಈ ಬಗೆಯ ಎಂಜಿನ್ನುಗಳು 1977ರಲ್ಲಿ ನಿವೃತ್ತವಾದುವು. ಹೊರಡುವಾಗ ಎಣ್ಣೆಯ ಚಕ್ರ, ವೇಗವೇರಿದ ಮೇಲೆ ನೇರ ಹಲ್ಲುಗಾಲಿ ಎಂಬ ಏರ್ಪಾಡಿನಿಂದ ಆ ನಷ್ಟವನ್ನು ತಗ್ಗಿಸಿದ ಕೀರ್ತಿಯು ಭಾರತೀಯ ರೈಲ್ವೆಯ ಎಂಜಿನಿಯರ್ ಮನಮೋಹನ ಸೂರಿಯವರಿಗೆ ಸಲ್ಲುವುದು. ಚಿತ್ತರಂಜನ್ ಕಾರ್ಖಾನೆಯ ಷಂಟಿಂಗ್ ಎಂಜಿನ್ನುಗಳಲ್ಲಿ ಅದು ಬಳಕೆಗೆ ಬಂದಿತು. ಡೀಸೆಲನನ್ನು ಕಾಡಿದ ಪ್ರಶ್ನೆಗೆ ಉತ್ತರವು ಒಬ್ಬನಿಂದ ಬರಲಿಲ್ಲ. ಹಡಗಿನವನು ಆರಂಭಿಸಿದುದನ್ನು ರೈಲಿನವರು ಮುಂದುವರಿಸಿದರು.