ಮೂರಡಿ ನೀರು ಸಾಕು

ಬೇಸಿಗೆ ರಜೆ ಬಿಟ್ಟ ಕೂಡಲೇ ಮಕ್ಕಳು ನೀರು ಹುಡುಕಿಕೊಂಡು ಹೊರಡುತ್ತಾರೆ. ಮುಂಡರಗಿ ತಾಲ್ಲೂಕಿನ ನದಿದಂಡೆಯ ಊರುಗಳ ಹುಡುಗರಿಗೆ ತುಂಗಭದ್ರೆ ಇದೆ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೊಲದ ಬಾವಿ, ಕೃಷಿ ಹೊಂಡ. ಗದಗ-ಬೆಟಗೇರಿಯ ಸುತ್ತ ಮಳೆನೀರು ನಿಂತ ಕಲ್ಲುಕ್ವಾರಿಯ ಗುಂಡಿ. ಹೋದವರಲ್ಲಿ ಎಲ್ಲರೂ ಮರಳುವುದಿಲ್ಲ.

ಹಿಂದೆ ಈಸು ಕಲಿಸುವುದಕ್ಕೆ ಊರಲ್ಲೇ ಒಂದು ಪದ್ಧತಿಯಿತ್ತು. ಬೆನ್ನಿಗೆ ಒಣಗಿದ ಸೋರೆ ಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ಕಾಕಾನ ಕೈಯಲ್ಲಿ. ಬುರುಡೆ ಹೋಗಿ ಟ್ಯೂಬು ಬಂತು, ಟ್ಯೂಬು ಹೋಗಿ ಪ್ಲಾಸ್ಟಿಕ್ ಕ್ಯಾನು ಬಂತು. ಆಮೇಲೆ ಬೋರ್‌ವೆಲ್‌ಗಳು ಬಂದು ತೆರೆದ ಬಾವಿಗಳೇ ಬತ್ತಿದವು. ಲಕ್ಕುಂಡಿಯ ಮುಸುಕಿನ ಬಾವಿಯಂಥ ಮೆಟ್ಟಿಲುಬಾವಿ ಕಟ್ಟಿದ ನಾಡಿನಲ್ಲಿ ಇವತ್ತು ಹತ್ತನೇ ತರಗತಿ ಮುಗಿಸಿದ ಎಷ್ಟೋ ಮಕ್ಕಳಿಗೆ ಎರಡು ಮಾರು ಈಸಲು ಬರುವುದಿಲ್ಲ.

ಬಾವಿ ಹೋದ ಜಾಗಕ್ಕೆ ಹೊಂಡ ಬಂತು. 2014–15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಹೊಂಡಗಳು ಒಣಬೇಸಾಯದ ರೈತನಿಗೆ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಂತೆ ಹಾಸಿದ ಪಾಲಿಥಿನ್ ಹಾಳೆ ಪಾಚಿ ಕಟ್ಟಿದರೆ ಈಸು ಬಲ್ಲವನಿಗೂ ಹತ್ತಿ ಬರಲು ಕಾಲು ನಿಲ್ಲುವುದಿಲ್ಲ. ಮಕ್ಕಳು, ಅವರನ್ನು ಉಳಿಸಲು ಇಳಿದ ದೊಡ್ಡವರು ಒಟ್ಟಿಗೇ ಮುಳುಗಿದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಯೋಜನೆಯಲ್ಲಿ ಈಗ ತಂತಿಬೇಲಿಗೂ ಸಹಾಯಧನವಿದೆ. ಬೇಲಿ ಬೇಕೇ ಬೇಕು, ಆದರೆ ಈಸು ಬಾರದ ಮಗುವಿಗೆ ಬೇಲಿಯೊಂದೇ ರಕ್ಷಣೆಯಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿಗೆ ಬಲಿಯಾದವರು ಸುಮಾರು 3 ಲಕ್ಷ ಜನ. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಸಾರಿತು.

ಆದ್ದರಿಂದ ಬಡಾವಣೆಯ ಉದ್ಯಾನದಲ್ಲೊಂದು ಸಾರ್ವಜನಿಕ ಈಜುಕೊಳ ಬೇಕೆನ್ನುವುದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕಬಾರದು. ಲಸಿಕೆ ಹಾಕಿಸುವಷ್ಟೇ ಅಗತ್ಯದ ಕೆಲಸವಿದು. ಎಂಥ ಕೊಳ, ಯಾರ ದುಡ್ಡಿನಲ್ಲಿ ಎಂಬುದನ್ನು ಮಾತ್ರ ಗುದ್ದಲಿಪೂಜೆಗೆ ಮೊದಲೇ ತೀರ್ಮಾನಿಸಬೇಕು.

ಮೊದಲು ನೀರಿನ ಮಾತು. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳ, ಸರಾಸರಿ ಆಳ 1.35 ಮೀಟರ್ ಎಂದರೆ ಸುಮಾರು 4.2 ಲಕ್ಷ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ ಮೂರು ಸಾವಿರ ಜನರ ಒಂದು ದಿನದ ನೀರು. ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ತಂದು ಕುಡಿಯುವ, ವಾರ ಹತ್ತು ದಿನಕ್ಕೊಮ್ಮೆ ನಲ್ಲಿ ಕಾಯ್ದು ಬಿಂದಿಗೆ ತುಂಬಿಸಿದ ಗದಗ-ಬೆಟಗೇರಿ ಅವಳಿ ನಗರದ ತಾಯಂದಿರ ಮುಂದೆ ಈ ಲೆಕ್ಕ ಇಡುವುದು ಸುಲಭವಲ್ಲ. ನೀರು ತುಂಬುವುದು ಒಮ್ಮೆ, ಆಮೇಲೆ ಶೋಧಿಸಿ ಅದನ್ನೇ ಬಳಸುತ್ತಾರೆ, ನಿಜ. ಆದರೂ ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ 2,500 ಲೀಟರ್ ಹೋಯಿತು. ಮಕ್ಕಳಿಗೆ ರಜೆ ಇರುವ ಏಪ್ರಿಲ್–ಮೇ ತಿಂಗಳಲ್ಲೇ ನದಿ ಸೊರಗಿರುತ್ತದೆ ಎನ್ನುವುದು ಇನ್ನೊಂದು ತೊಡಕು.

ನನ್ನ ಅಭಿಪ್ರಾಯದಲ್ಲಿ ಕಲಿಕೆಯ ಕೊಳಕ್ಕೆ ಇಷ್ಟು ನೀರೇ ಬೇಡ. 12 ಮೀಟರ್ ಉದ್ದ, 6 ಮೀಟರ್ ಅಗಲ, ಮೂರಡಿ ಆಳದ ಕೊಳಕ್ಕೆ 65 ಸಾವಿರ ಲೀಟರ್ ಸಾಕು. ಮೇಲೆ ನೆರಳಿನ ಚಾವಣಿ, ರಾತ್ರಿ ಮುಚ್ಚಲು ಹಾಳೆ, ಶೋಧಕ ತೊಳೆದ ನೀರು ಉದ್ಯಾನದ ಗಿಡಗಳಿಗೆ. ನದಿ ತುಂಬಿರುವ ಆಗಸ್ಟ್‌ನಿಂದ ನವೆಂಬರ್‌ವರೆಗೆ ಶಾಲೆಗಳಿಗೆ ಸರದಿಯಲ್ಲಿ ತರಗತಿ. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಯಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಅದರೊಳಗೆ ಮಕ್ಕಳಿಗೆ ಈಸು ಕಲಿಸಿದ್ದಾರೆ. ಅಲ್ಲಿ ಕಲಿಸಿದ್ದು ಪಂದ್ಯ ಗೆಲ್ಲುವುದನ್ನಲ್ಲ, ತೇಲುವುದನ್ನು, ದಡ ಸೇರುವುದನ್ನು, ಮುಳುಗುತ್ತಿರುವವನಿಗೆ ನೀರಿಗಿಳಿಯದೆ ಕೋಲು ಚಾಚುವುದನ್ನು. ಸ್ಪರ್ಧೆಯ ದೊಡ್ಡ ಕೊಳ ಬೇಕಿದ್ದರೆ ಅದು ಜಿಲ್ಲಾ ಕೇಂದ್ರದಲ್ಲಿ ಒಂದಿರಲಿ.

ಜಾಗದ ವಿಚಾರದಲ್ಲೂ ಎಚ್ಚರ ಬೇಕು. ಉದ್ಯಾನಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಕೊಳ ಎಲ್ಲರಿಗೂ ತೆರೆದಿರಬೇಕು, ಮರಗಳು ಉಳಿಯಬೇಕು. ಗುತ್ತಿಗೆ ಹಿಡಿದವರು ಅದನ್ನು ಸದಸ್ಯರ ಕ್ಲಬ್ ಮಾಡಿಕೊಂಡರೆ ಉದ್ಯಾನವೂ ಹೋಯಿತು, ಕೊಳವೂ ಹೋಯಿತು.

ಇನ್ನು ದುಡ್ಡು. ಕಟ್ಟುವ ಹಣಕ್ಕೆ ದಾರಿಗಳುಂಟು: ಶಾಸಕರ ನಿಧಿ, ಸಂಸದರ ನಿಧಿ, ನಗರೋತ್ಥಾನ. ನದಿಯಾಚೆಯ ವಿಜಯನಗರ ಜಿಲ್ಲೆಗೆ, ಪಕ್ಕದ ಕೊಪ್ಪಳಕ್ಕೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವಿದೆ, ಗದಗಕ್ಕಿಲ್ಲ. ನಮ್ಮಲ್ಲಿರುವುದು ಗಾಳಿ. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಕಂಪನಿಗಳಲ್ಲಿ 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಕೊಡಬೇಕಾದವರನ್ನು ಕೇಳಬಹುದು. ಆ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಕ್ರೀಡಾ ತರಬೇತಿಯೂ ಇದೆ.

ಕಟ್ಟಿದ್ದನ್ನು ನಡೆಸುವುದೇ ಕಷ್ಟ. ದೊಡ್ಡ ಕೊಳಕ್ಕೆ ಎರಡು ಪಾಳಿಯಲ್ಲಿ ನಾಲ್ವರು ಜೀವರಕ್ಷಕರು, ಇಬ್ಬರು ಪಂಪ್ ಚಾಲಕರು, ಟಿಕೆಟ್‌ಗೆ, ಸ್ವಚ್ಛತೆಗೆ ಮೂವರು. ತಲಾ 15 ಸಾವಿರ ಹಿಡಿದರೂ ತಿಂಗಳಿಗೆ 1.35 ಲಕ್ಷ. ಕರೆಂಟು, ಕ್ಲೋರಿನ್, ದುರಸ್ತಿ ಸೇರಿದರೆ 2 ಲಕ್ಷದ ಹತ್ತಿರ. ದಿನಕ್ಕೆ ನೂರು ಜನ 30 ರೂಪಾಯಿಯಂತೆ ಬಂದರೆ 26 ದಿನಕ್ಕೆ 78 ಸಾವಿರ. ಉಳಿದದ್ದು ಪ್ರತಿ ತಿಂಗಳೂ ಕೈಯಿಂದ ಹೋಗಬೇಕು. ಆ ಕೈ ಯಾವುದೆಂದು ಗೊತ್ತಿಲ್ಲದೆ ಕಟ್ಟಿದ ಕೊಳದಲ್ಲಿ ಕೆಲ ವರ್ಷಗಳ ಮೇಲೆ ಹಸಿರು ನೀರು, ಒಡೆದ ಟೈಲ್ಸ್, ಬೀಗ. ಚಿಕ್ಕ ಕೊಳಕ್ಕೆ ಖರ್ಚೂ ಚಿಕ್ಕದು, ಆದರೂ ಜೀವರಕ್ಷಕನ ಸಂಬಳದಲ್ಲಿ ಉಳಿತಾಯ ಮಾಡುವ ಮಾತೇ ಬೇಡ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಕಲಿಸಲು ಮಹಿಳೆ, ಬಟ್ಟೆ ಬದಲಿಸಲು ಭದ್ರವಾದ ಕೋಣೆ ಮೊದಲ ನಕ್ಷೆಯಲ್ಲೇ ಇರಬೇಕು. ಬಾವಿಯ ಕಾಲದಲ್ಲೂ ಕಲಿಕೆಯಿಂದ ಹೊರಗುಳಿದವರು ಹೆಚ್ಚಾಗಿ ಅವರೇ.

ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ ಬಜೆಟ್ ಪೂರ್ವಭಾವಿ ಸಭೆ ಕರೆದಾಗ ದಯವಿಟ್ಟು ಹೋಗಿ. ಮೂರಡಿ ಕೊಳ ಕೇಳಿ. ನೀರು ಎಲ್ಲಿಂದ, ಕಾವಲಿಗೆ ಯಾರು, ಐದನೇ ವರ್ಷದ ಖರ್ಚು ಯಾವ ಲೆಕ್ಕದಿಂದ ಎಂಬುದನ್ನು ನಡಾವಳಿಯಲ್ಲಿ ಬರೆಸಿಯೇ ಮನೆಗೆ ಬನ್ನಿ.