ಯಂತ್ರದ ಗುಮಾಸ್ತನಿಗೆ ಹೇಗೆ ಬರೆದುಕೊಡಬೇಕು?

ಊರಿನಿಂದ ಮೊದಲ ಸಲ ಮುಂಬಯಿಗೆ ಬರುವ ತಮ್ಮನಿಗೆ ‘ಸಯನ್ ಸ್ಟೇಷನ್ನಿನಲ್ಲಿಳಿದು ಸೇತುವೆ ದಾಟಿ ಬಾ’ ಎಂದು ಕಾಗದ ಬರೆದರೆ ಸಾಲದು. ಪೂರ್ವಕ್ಕೆ ಇಳಿಯಬೇಕೋ, ಧಾರಾವಿಯಿರುವ ಪಶ್ಚಿಮಕ್ಕೋ? ಯಾವ ಸೇತುವೆ? ಇಲ್ಲಿಯ ಹಳೆಯ ರಸ್ತೆ ಸೇತುವೆಯನ್ನು ಹೊಸದಾಗಿ ಕಟ್ಟುವ ಸಲುವಾಗಿ 2024ರ ಆಗಸ್ಟ್ 1ರಿಂದ ವಾಹನಗಳಿಗೆ ಮುಚ್ಚಲಾಯಿತು. ಅದಕ್ಕೂ ಮೊದಲು ಬರೆದ ಕಾಗದವನ್ನು ನಂಬಿ ಆ ಬಳಿಕ ಟ್ಯಾಕ್ಸಿ ಹತ್ತಿದವನಿಗೆ ಸುತ್ತು ತಪ್ಪಿದ್ದಲ್ಲ. ಆದರೂ ಮನುಷ್ಯನಾದುದರಿಂದ ನಾಲ್ಕು ಜನರನ್ನು ಕೇಳಿಕೊಂಡು ಮನೆ ಸೇರುತ್ತಾನೆ. ಬರೆದುದನ್ನೇ ನಂಬಿ ನಡೆಯುವ ಬೇರೊಬ್ಬ ಕೆಲಸಗಾರ ಈಗ ಕಚೇರಿಗಳಿಗೆ ಬರತೊಡಗಿದ್ದಾನೆ. ಅವನಿಗೆ ಹೇಗೆ ಬರೆದುಕೊಡಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಮನುಷ್ಯನ ಕೈಯಿಲ್ಲದೆ ಬ್ರೌಸರನ್ನು ನಡೆಸುವ ಸಾಧನಗಳು ಹೊಸವೇನಲ್ಲ. 2004ರಲ್ಲಿ ಚಿಕಾಗೋ ನಗರದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗ್ಗಿನ್ಸ್ ಎಂಬವರು ನೌಕರರ ವೇಳೆ ಮತ್ತು ಖರ್ಚಿನ ಲೆಕ್ಕದ ತಂತ್ರಾಂಶವನ್ನು ಪರೀಕ್ಷಿಸಲು ಸೆಲೆನಿಯಮ್ ಎಂಬ ಸಾಧನವನ್ನು ಮಾಡಿದರು. 2020ರಲ್ಲಿ ಮೈಕ್ರೋಸಾಫ್ಟಿನವರ ಪ್ಲೇರೈಟ್ ಬಂದಿತು. ಇವುಗಳಿಗೆ ಪ್ರತಿಯೊಂದು ಹೆಜ್ಜೆಯನ್ನೂ ಪ್ರೋಗ್ರಾಂ ಬರೆಯುವವನೇ ಗೊತ್ತುಮಾಡಿ ಕೊಡುತ್ತಿದ್ದನು.

ಈಗಿನ ಕೃತಕ ಬುದ್ಧಿಮತ್ತೆಯ ಏಜೆಂಟ್ ಹಾಗಲ್ಲ. ‘ಈ ಬಿಲ್ಲುಗಳನ್ನು ಸಲ್ಲಿಸು’ ಎಂದರೆ ಯಾವ ಸಾಧನವನ್ನು ಯಾವಾಗ ಹಿಡಿಯಬೇಕೆಂಬುದನ್ನು ತಾನೇ ತೀರ್ಮಾನಿಸುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಕ್ರಮದಲ್ಲಿ ಸಾಧನದ ಹೆಸರು, ಅದರ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿ, ಇವನ್ನು ಏಜೆಂಟಿಗೆ ತಿಳಿಸಲಾಗುತ್ತದೆ. 2025ರಲ್ಲಿ ಪ್ಲೇರೈಟ್ ಕೂಡ ಈ ಕ್ರಮಕ್ಕೆ ಸೇರಿತು. ಸಾಧನದ ಒಳಗೇನು ನಡೆಯುತ್ತದೆಂಬುದು ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಆ ನಾಲ್ಕು ಸಾಲಿನ ವಿವರಣೆಯೇ ಅದಕ್ಕೆ ದಾರಿ ತೋರುವ ಕಾಗದ.

ಒಂದು ಸಾಗಾಣಿಕೆ ಕಚೇರಿಯಿದೆಯೆಂದು ಭಾವಿಸೋಣ. ಅಲ್ಲಿಯ ಸಾಧನದ ವಿವರಣೆ ಇಷ್ಟೇ: ‘ಗುಂಡಿ ಒತ್ತುತ್ತದೆ.’ ಏಜೆಂಟ್ ಬಿಲ್ಲನ್ನು ತುಂಬಿ ಸಲ್ಲಿಸಿತು. ಜಾಲ ನಿಧಾನವಾಗಿದ್ದು ಉತ್ತರ ಬರಲಿಲ್ಲ. ಮತ್ತೊಮ್ಮೆ ಒತ್ತಿತು. ಗಿರಾಕಿಗೆ ಒಂದೇ ಬಿಲ್ಲು ಎರಡು ಸಲ ಹೋಯಿತು. ಮರುದಿನ ಸಾಹೇಬರು ಯಂತ್ರವನ್ನು ಕರೆದು ಕೇಳುವುದಿಲ್ಲ. ಯಾರ ಹೆಸರಿನಲ್ಲಿ ಲಾಗಿನ್ ಆಗಿದೆಯೋ ಆ ಗುಮಾಸ್ತನನ್ನೇ ಕೇಳುತ್ತಾರೆ.

ಅದೇ ವಿವರಣೆಯನ್ನು ಹೀಗೆ ಬರೆಯಬಹುದಿತ್ತು:

‘ಬಿಲ್ ಸಲ್ಲಿಸುವ ಸಾಧನ. ಎಲ್ಲ ಕಲಮುಗಳನ್ನೂ ತುಂಬಿದ ಮೇಲೆ ಮಾತ್ರ ಬಳಸತಕ್ಕದ್ದು. ಬೇಕಾದವು: ಬಿಲ್ ಸಂಖ್ಯೆ, ರೂಪಾಯಿಗಳಲ್ಲಿ ಮೊತ್ತ, ದಿನ-ತಿಂಗಳು-ವರ್ಷ ಈ ಕ್ರಮದಲ್ಲಿ ತಾರೀಖು. ಕೆಲಸವಾದರೆ ರಸೀದಿ ಸಂಖ್ಯೆ ಬರುವುದು. ಬಾರದಿದ್ದರೆ ಮತ್ತೆ ಒತ್ತಕೂಡದು. ಸಲ್ಲಿಸಿದ ಬಿಲ್ಲುಗಳ ಪಟ್ಟಿಯಲ್ಲಿ ಈ ಸಂಖ್ಯೆಯುಂಟೇ ಎಂದು ಮೊದಲು ನೋಡತಕ್ಕದ್ದು. ಸಲ್ಲಿಸಿದುದನ್ನು ಹಿಂತೆಗೆಯಲಾಗದು, ಆದುದರಿಂದ ಗುಮಾಸ್ತರ ಒಪ್ಪಿಗೆ ಪಡೆದೇ ಮುಂದುವರಿಯತಕ್ಕದ್ದು.’

ತಾರೀಖಿನ ಕ್ರಮವನ್ನು ಹೇಳಿದುದೇಕೆ? 03-04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಯಾವಾಗ ಬಳಸಬೇಕು, ಏನು ಕೊಡಬೇಕು, ಏನು ಬರುತ್ತದೆ, ತಪ್ಪಿದರೆ ಏನು ಮಾಡಬೇಕು, ಎಲ್ಲಿ ನಿಂತು ಕೇಳಬೇಕು, ಈ ಐದೂ ವಿವರಣೆಯಲ್ಲಿರಬೇಕು.

ಇನ್ನು ಮೂರು ಎಚ್ಚರಿಕೆಗಳುಂಟು. ಪ್ಲೇರೈಟಿನಂಥ ಸಾಧನವು ಪುಟದ ಚಿತ್ರಕ್ಕೆ ಬದಲಾಗಿ ಅದರಲ್ಲಿರುವ ಗುಂಡಿ, ಕಲಮು, ಶೀರ್ಷಿಕೆಗಳ ಹೆಸರಿನ ಪಟ್ಟಿಯನ್ನು ಏಜೆಂಟಿಗೆ ಕೊಡುತ್ತದೆ. ಅಂಧರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗೂ ಇಂಥ ಪಟ್ಟಿಯೇ ಆಧಾರ. ಪುಟ ಬದಲಾದರೆ ಪಟ್ಟಿಯೂ ಬದಲಾಗುವುದು. ಆದುದರಿಂದ ‘ಪುಟ ಬದಲಾದೊಡನೆ ಹೊಸ ಪಟ್ಟಿಯನ್ನು ಪಡೆ’ ಎಂದು ಬರೆದಿರಬೇಕು.

ಎರಡನೆಯದಾಗಿ, ವಿವರಣೆಗೆ ತಾರೀಖು ಹಾಕಿ ಆಗಾಗ್ಗೆ ತಿದ್ದುತ್ತಿರಬೇಕು. ಊರಿಗೆ ಹೋಗುವ ನಮಗೆಲ್ಲ ತಿಳಿದಂತೆ, ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಯಿತು. ಹಳೆಯ ಲೆಕ್ಕದ ಮೇಲೆ ಹೊರಟವನಿಗೆ ಟಿಕೆಟು ಸಿಕ್ಕುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪುಟದಲ್ಲಿ ಯಾರೋ ಬರೆದಿಟ್ಟ ಮಾತು ಯಜಮಾನನ ಅಪ್ಪಣೆಯಲ್ಲ. ‘ಈ ಖಾತೆಗೆ ಹಣ ಕಳುಹಿಸು’ ಎಂದು ಮೋಸಗಾರನು ಪುಟದಲ್ಲಿ ಅಡಗಿಸಿಟ್ಟರೆ ಏಜೆಂಟ್ ಅದನ್ನೇ ನಿಜವೆಂದು ನಂಬೀತು. ಇದಕ್ಕೆ ಬರವಣಿಗೆಯೊಂದೇ ಸಾಲದು. ಹಣದ ವಿಷಯದಲ್ಲಿ ಮನುಷ್ಯನ ಒಪ್ಪಿಗೆಯಿಲ್ಲದೆ ಮುಂದುವರಿಯದಂಥ ಬೀಗವು ಸಾಧನದೊಳಗೇ ಇರಬೇಕು.

ಇಂಥ ವಿವರಣೆಯನ್ನು ಬರೆಯುವವರು ಯಾರು? ಸಾಧನವನ್ನು ಮಾಡಿದ ಇಂಜಿನಿಯರರು ಬರೆದಾರು. ಆದರೆ ಯಾವ ಗಿರಾಕಿಯ ತಾಣ ಮಧ್ಯಾಹ್ನ ನಿಧಾನವಾಗುತ್ತದೆ, ಯಾವ ಕಲಮನ್ನು ಖಾಲಿ ಬಿಟ್ಟರೆ ಬಿಲ್ಲು ಹಿಂದಿರುಗುತ್ತದೆ ಎಂಬುದು ಗೊತ್ತಿರುವುದು ದಿನವೂ ಆ ಮೇಜಿನ ಮುಂದೆ ಕೂರುವ ಗುಮಾಸ್ತನಿಗೆ. ರಜೆಯ ಮೇಲೆ ಊರಿಗೆ ಹೋಗುವಾಗ ಬದಲಿಯವನಿಗೆ ನಾವು ಬರೆದಿಡುವ ಚೀಟಿಯೂ ಇದೇ ಜಾತಿಯದು. ಆದುದರಿಂದ ಕಚೇರಿಯಲ್ಲಿ ಈ ಕೆಲಸ ಆರಂಭವಾದಾಗ ‘ಇದು ನನಗೆ ಸಂಬಂಧಿಸಿದ್ದಲ್ಲ’ ಎಂದು ಹಿಂದೆ ಸರಿಯಬಾರದು. ತಪ್ಪಿಗೆ ಉತ್ತರ ಹೇಳಬೇಕಾದವನು ವಿವರಣೆಯನ್ನು ಬರೆಯುವಾಗಲೂ ಜೊತೆಗಿರಬೇಕು.

ಬರೆದುದು ಸರಿಯಾಗಿದೆಯೇ ಎಂದು ನೋಡಲು ಸುಲಭವಾದ ಉಪಾಯವೊಂದುಂಟು. ಕಚೇರಿಯ ಗುಟ್ಟೇನೂ ಅದರಲ್ಲಿಲ್ಲದಿದ್ದರೆ, ಆ ಕೆಲಸವನ್ನು ಅರಿಯದ ಒಬ್ಬರಿಗೆ, ವಾಚನಾಲಯದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವರಿಗಾದರೂ ಸರಿ, ಓದಲು ಕೊಡಿರಿ. ಅವರು ಎಲ್ಲಿ ನಿಲ್ಲಿಸಿ ‘ಇದೇನು?’ ಎಂದು ಕೇಳುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿರಿ.