ಲಾಗಿನ್ ಆದ ತಕ್ಷಣ ಕನ್ನಡ ಬರಬೇಕಾ? ಲಿನಕ್ಸ್‌ಗೆ ಒಂದ್ಸಲ ಹೇಳಿಡಿ

ಇವತ್ತಿನ ವಿಷಯ ಚಿಕ್ಕದು. ಆದ್ರೆ ದಿನಾ ಐದು ನಿಮಿಷ ಉಳಿಸುತ್ತೆ.

ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟಿದ್ದಾರೆ. ಅಲ್ಲಿರೋದು ಹಳೇ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗೀತಲ್ಲ, ವಿಂಡೋಸ್ 11 ಆ ಮೆಷಿನ್‌ಗೆ ಹಿಡಿಸಲಿಲ್ಲ. ನಾನೇ ಅದಕ್ಕೆ ಲಿನಕ್ಸ್ ಹಾಕಿ, ಎಕ್ಸ್‌ಎಫ್‌ಸಿಇ ಅನ್ನೋ ಹಗುರವಾದ ಡೆಸ್ಕ್‌ಟಾಪ್ ಕೊಟ್ಟೆ.

ಒಂದಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಪೌತಿ ಖಾತೆ ಅರ್ಜಿ ಬರೆಸ್ತಾ ಇದ್ರು. ಕರೆಂಟ್ ಹೋಯ್ತು. ಬ್ಯಾಟರಿ ಮೊದಲೇ ಸತ್ತಿತ್ತು. ಕರೆಂಟ್ ಬಂದ ಮೇಲೆ ಲಾಗಿನ್ ಆದ್ರೆ, ಟೈಪ್ ಮಾಡಿದ್ದೆಲ್ಲ ಇಂಗ್ಲಿಷ್‌ನಲ್ಲೇ ಬೀಳ್ತಿದೆ! ಚಿಕ್ಕಪ್ಪ ಡ್ರಾಯರ್‌ನಲ್ಲಿ ನಾನು ಬರೆದುಕೊಟ್ಟಿದ್ದ ಚೀಟಿ ಹುಡುಕ್ತಾ ಇದ್ರು. ಅಜ್ಜಿ, “ಬಸ್ಸು ಹೊಂಟೋಯ್ತದೆ ಕಣಪ್ಪ” ಅಂತ ಬಾಗಿಲ ಕಡೆ ನೋಡ್ತಾ ಇದ್ರು. ತಪ್ಪು ನನ್ನದೇ. ಕನ್ನಡ ಹಾಕಿಕೊಟ್ಟಿದ್ದೆ, ಅದು ತಾನಾಗಿ ಶುರುವಾಗೋ ಹಾಗೆ ಮಾಡಿರಲಿಲ್ಲ.

ಏನಾಗುತ್ತೆ ಅಂದ್ರೆ, ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್ ನೋಡಿಕೊಳ್ಳೋದು ಸಾಮಾನ್ಯವಾಗಿ ಐಬಸ್ ಅನ್ನೋ ಪ್ರೋಗ್ರಾಂ. ಅದರ ಜೊತೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿದ್ರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತೆ. ಅಂದ್ರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಕಲಿತ, ಕೆ.ಪಿ. ರಾವ್ ಅವರ ವಿನ್ಯಾಸ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಆದ್ರೆ ಐಬಸ್ ಓಡ್ತಾ ಇರಬೇಕು. ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಅದನ್ನ ತಾನೇ ಶುರು ಮಾಡುತ್ತೆ. ಹಗುರ ಡೆಸ್ಕ್‌ಟಾಪ್‌ಗಳಲ್ಲಿ ಕೆಲವೊಮ್ಮೆ ನಾವೇ ಹೇಳಬೇಕು.

ಎಲ್ಲಿ ಹೇಳೋದು? ಎಕ್ಸ್‌ಎಫ್‌ಸಿಇಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ‘ಸೆಷನ್ ಅಂಡ್ ಸ್ಟಾರ್ಟಪ್’ ತೆಗೀರಿ. ಅದರಲ್ಲಿ ‘ಅಪ್ಲಿಕೇಶನ್ ಆಟೋಸ್ಟಾರ್ಟ್’ ಟ್ಯಾಬ್ ಇದೆ. ಪ್ಲಸ್ ಗುರುತು ಒತ್ತಿ. ಹೆಸರಿನ ಜಾಗದಲ್ಲಿ ಏನು ಬೇಕಾದ್ರೂ ಬರೀರಿ. ಕಮಾಂಡ್ ಜಾಗದಲ್ಲಿ ಐಬಸ್, ಹೈಫನ್, ಡೀಮನ್; ಒಂದು ಸ್ಪೇಸ್; ಆಮೇಲೆ ಹೈಫನ್, ಡಿ, ಆರ್, ಎಕ್ಸ್. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ. ಡಿ ಅಂದ್ರೆ ಹಿನ್ನೆಲೆಯಲ್ಲಿ ಓಡು. ಆರ್ ಅಂದ್ರೆ ಮೊದಲೇ ಒಂದು ಓಡ್ತಿದ್ರೆ ಅದರ ಜಾಗಕ್ಕೆ ಬಾ. ಎಕ್ಸ್ ಹಳೇ ಪ್ರೋಗ್ರಾಂಗಳಿಗೂ ಕನ್ನಡ ತಲುಪೋಕೆ. ಸೇವ್ ಮಾಡಿದ್ರೆ ಮುಗೀತು.

ಮಿಂಟ್‌ನಲ್ಲಿ ಇದೇ ಜಾಗದ ಹೆಸರು ‘ಸ್ಟಾರ್ಟಪ್ ಅಪ್ಲಿಕೇಶನ್ಸ್’. ಕೆಡಿಇಯಲ್ಲಿ ಸಿಸ್ಟಂ ಸೆಟ್ಟಿಂಗ್ಸ್ ಒಳಗೆ ‘ಆಟೋಸ್ಟಾರ್ಟ್’. ಹೆಸರು ಬೇರೆ ಬೇರೆ, ಒಳಗೆ ನಡೆಯೋದು ಒಂದೇ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ‘ಡಾಟ್ ಕಾನ್ಫಿಗ್’ ಅನ್ನೋ ಅಡಗಿದ ಫೋಲ್ಡರ್ ಇದೆ. ಅದರೊಳಗೆ ‘ಆಟೋಸ್ಟಾರ್ಟ್’. ಅಲ್ಲಿ ‘ಡಾಟ್ ಡೆಸ್ಕ್‌ಟಾಪ್’ ಅಂತ ಕೊನೆಯಾಗೋ ಪುಟ್ಟ ಫೈಲ್ ಒಂದು ಸೇರಿಕೊಳ್ಳುತ್ತೆ. ಲಾಗಿನ್ ಆದಾಗ ಡೆಸ್ಕ್‌ಟಾಪ್ ಆ ಫೋಲ್ಡರ್ ಓದಿ, ಒಂದೊಂದನ್ನೇ ಶುರು ಮಾಡುತ್ತೆ. ಅಷ್ಟೇ ಗುಟ್ಟು.

ಒಂದು ವ್ಯತ್ಯಾಸ ನೆನಪಿಡಿ. ಕಂಪ್ಯೂಟರ್ ಆನ್ ಆಗೋದು ಬೇರೆ, ಲಾಗಿನ್ ಆಗೋದು ಬೇರೆ. ಹೋಟೆಲ್ ಶಟರ್ ಎತ್ತಿದ ತಕ್ಷಣ ಇಡ್ಲಿ ರೆಡಿ ಇರಲ್ಲ, ಯಾರಾದ್ರೂ ಒಲೆ ಹಚ್ಚಬೇಕು. ಪ್ರಿಂಟರ್ ಸೇವೆಯಂಥದ್ದು ಶಟರ್ ಜೊತೆಗೇ ಶುರುವಾಗುತ್ತೆ, ಅದನ್ನ ಸಿಸ್ಟಂ ನೋಡಿಕೊಳ್ಳುತ್ತೆ. ಪಾಸ್‌ವರ್ಡ್ ಹಾಕಿ ಒಳಗೆ ಬಂದ ಮೇಲೆ ಹಚ್ಚಬೇಕಾದ ಒಲೆಗಳ ಪಟ್ಟಿಯೇ ಈ ಆಟೋಸ್ಟಾರ್ಟ್.

ಹಾಗಂತ ಎಲ್ಲಾ ಒಲೆ ಹಚ್ಚಬೇಡಿ. ಬ್ರೌಸರ್, ಚಾಟ್, ಮ್ಯೂಸಿಕ್ ಎಲ್ಲ ಸೇರಿಸಿದ್ರೆ ಕಡಿಮೆ ರ‍್ಯಾಮ್ ಇರೋ ಮೆಷಿನ್ ಲಾಗಿನ್‌ನಲ್ಲೇ ಏದುಸಿರು ಬಿಡುತ್ತೆ. ಬೇಡವಾದದ್ದರ ಟಿಕ್ ತೆಗೀರಿ, ಪ್ರೋಗ್ರಾಂ ಅಳಿಸೋ ಅಗತ್ಯ ಇಲ್ಲ. ಗೊತ್ತಿಲ್ಲದ ಹೆಸರು ಕಂಡ್ರೆ ಅದು ಏನು ಅಂತ ಮೊದಲು ವಿಚಾರಿಸಿ. ಕೆಟ್ಟ ಪ್ರೋಗ್ರಾಂಗಳೂ ಸೇರಿಕೊಳ್ಳೋಕೆ ಇಷ್ಟಪಡೋ ಜಾಗ ಇದು.

ಕೊನೇ ಮಾತು: ಮಾಡಿದ ಮೇಲೆ ಪರೀಕ್ಷೆ ಮಾಡಿ. ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ, ಒಂದು ಸಾಲು ಕನ್ನಡ ಬರೆದು ನೋಡಿ. ನಾನು ಆ ಎರಡು ನಿಮಿಷ ಕೊಟ್ಟಿರಲಿಲ್ಲ, ಅದಕ್ಕೇ ಅಜ್ಜಿ ಕಾಯಬೇಕಾಯ್ತು. ಅವತ್ತು ಅರ್ಜಿ ಮುಗೀತು, ಆದ್ರೆ ಅವರ ಬಸ್ಸು ಹೋಗಿತ್ತು. ಈಗ ಕರೆಂಟ್ ಹೋಗಿ ಬಂದ್ರೂ ಚಿಕ್ಕಪ್ಪ ಡ್ರಾಯರ್ ತೆಗೆಯಲ್ಲ. ಆ ಚೀಟಿ ಹರಿದು ಹಾಕಿದ್ದಾರೆ.